ಸಹಿಯಿಲ್ಲದ ಆರ್ಡರ್, ತಡವಾದ ಡೆಲಿವರಿ, ಮುರಿದ ಕಪ್ಲಿಂಗ್: ಯಾವುದಕ್ಕೆ ಯಾರು ಹೊಣೆ?

ಪ್ರಶ್ನೆ: ನಮ್ಮದು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ಮಷಿನಿಂಗ್ ಘಟಕ. ಪಂಪ್ ತಯಾರಿಸುವ ಕಂಪನಿಯೊಂದಕ್ಕೆ 200 ಕಪ್ಲಿಂಗ್ (ಮೋಟಾರು ಮತ್ತು ಪಂಪಿನ ಶಾಫ್ಟುಗಳನ್ನು ಜೋಡಿಸುವ ಭಾಗ) ಮಾಡಿಕೊಡಲು, ತಲಾ ₹2,000ದಂತೆ ಇಮೇಲ್‌ನಲ್ಲಿ ಕೊಟೇಶನ್ ಕಳಿಸಿದ್ದೆವು. ಆರ್ಡರ್ ಬಂದ 30 ದಿನಕ್ಕೆ ಡೆಲಿವರಿ, ಮಾಲು ತಲುಪಿದ 30 ದಿನದೊಳಗೆ ಹಣ ಎಂದು ಅದರಲ್ಲಿತ್ತು. ಜೂನ್ 3ರಂದು ಅವರ ಪರ್ಚೇಸ್ ಮ್ಯಾನೇಜರ್ ವಾಟ್ಸ್ಆ್ಯಪ್‌ನಲ್ಲಿ ‘ಓಕೆ, ಕೆಲಸ ಶುರು ಮಾಡಿ’ ಎಂದರು. ಜೂನ್ 6ಕ್ಕೆ ಪರ್ಚೇಸ್ ಆರ್ಡರ್ (ಪಿ.ಒ.) ಬಂತು. ತಡವಾದರೆ ವಾರಕ್ಕೆ ಶೇ 2 ಕಡಿತ ಎಂದು ಅದರ ಹಿಂಬದಿಯ ಸಣ್ಣಕ್ಷರಗಳಲ್ಲಿ ಇದ್ದದ್ದನ್ನು ನಾವು ಗಮನಿಸಲಿಲ್ಲ. ಜುಲೈ 3ಕ್ಕೆ ಕೊಡಬೇಕಿದ್ದ ಮಾಲನ್ನು ಜುಲೈ 15ಕ್ಕೆ ಕೊಟ್ಟೆವು. ಏನೂ ಹೇಳದೆ ಇಳಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ, ನಿಮ್ಮ ತಡದಿಂದ ಉತ್ಪಾದನಾ ಲೈನ್ ನಿಂತು ₹9 ಲಕ್ಷ ಲಾಭ ಕೈತಪ್ಪಿತು ಎಂದು ಪತ್ರ ಬರೆದು ಪೂರ್ತಿ ಬಿಲ್ ತಡೆಹಿಡಿದಿದ್ದಾರೆ. ಇದರ ಜೊತೆಗೆ, ಅವರ ಗ್ರಾಹಕರೊಬ್ಬರ ಸ್ಥಾವರದಲ್ಲಿ ನಮ್ಮದೊಂದು ಕಪ್ಲಿಂಗ್ ಮುರಿದು ಆಪರೇಟರ್ ಕೈಗೆ ಗಾಯವಾಗಿದೆ. ಅದಕ್ಕೂ ನೀವೇ ಹೊಣೆ ಅನ್ನುತ್ತಿದ್ದಾರೆ. ಸಹಿ ಮಾಡಿದ ಅಗ್ರಿಮೆಂಟ್ ಇಲ್ಲ. ನಮ್ಮ ಸ್ಥಿತಿ ಏನು? ಈಗ ಏನು ಮಾಡಬೇಕು?

ಉತ್ತರ: ಅವರ ಪತ್ರದಲ್ಲಿ ಎರಡು ಬೇರೆ ಬೇರೆ ತಕರಾರುಗಳಿವೆ. ಮೊದಲು ಅವೆರಡನ್ನೂ ಬಿಡಿಸಿಡಿ. ತಡವಾದದ್ದು, ಬಿಲ್ ತಡೆದದ್ದು, ₹9 ಲಕ್ಷ ಕೇಳುತ್ತಿರುವುದು, ಇವೆಲ್ಲ ಕರಾರಿನ ವಿಷಯ. ಇಲ್ಲಿ ನಿಮ್ಮ ಹೊಣೆ ಹುಟ್ಟುವುದು ನೀವು ಕೊಟ್ಟ ಮಾತಿನಿಂದ. ಅದರ ಅಳತೆಯೂ ಆ ಮಾತಿನಿಂದಲೇ ನಿರ್ಧಾರವಾಗುತ್ತದೆ. ಆಪರೇಟರ್‌ಗೆ ಆದ ಗಾಯ ಅಪಕೃತ್ಯದ, ಅಂದರೆ ಟಾರ್ಟ್‌ನ ವಿಷಯ. ಅಲ್ಲಿ ಹೊಣೆ ಹುಟ್ಟಿಸುವುದು ಕಾನೂನೇ. ನೀವು ಯಾರಿಗೆ ಏನು ಮಾತು ಕೊಟ್ಟಿದ್ದಿರಿ ಎಂಬುದನ್ನು ಅದು ಕೇಳುವುದಿಲ್ಲ. ಒಂದರಲ್ಲಿ ನಡೆಯುವ ಸಮರ್ಥನೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಆದ್ದರಿಂದ ಎರಡಕ್ಕೂ ಒಂದೇ ಉತ್ತರದ ಪತ್ರ ಬರೆಯಬೇಡಿ.

ಸಹಿ ಇಲ್ಲ ಎಂಬ ನಿಮ್ಮ ಆತಂಕವನ್ನು ಮೊದಲು ಮುಗಿಸೋಣ. ಭಾರತೀಯ ಕರಾರು ಕಾಯ್ದೆ, 1872ರ ಸೆಕ್ಷನ್ 10 ಕೇಳುವುದು ಇಷ್ಟು: ಒಪ್ಪಿಗೆ ಮುಕ್ತವಾಗಿರಬೇಕು, ಇಬ್ಬರೂ ಕರಾರು ಮಾಡಲು ಅರ್ಹರಿರಬೇಕು, ಪ್ರತಿಫಲ ಮತ್ತು ಉದ್ದೇಶ ಕಾನೂನುಬದ್ಧವಾಗಿರಬೇಕು, ಕಾಯ್ದೆಯೇ ಅನೂರ್ಜಿತ ಎಂದು ಸಾರಿದ ಬಗೆಯ ಒಪ್ಪಂದ ಆಗಿರಬಾರದು. ಸರಕು ಮಾರಾಟಕ್ಕೆ ಸಹಿಯಾಗಲಿ ಸ್ಟ್ಯಾಂಪ್ ಪೇಪರ್ ಆಗಲಿ ಈ ಪಟ್ಟಿಯಲ್ಲಿಲ್ಲ. ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 10ಎ ಹೇಳುತ್ತದೆ. ಇಮೇಲ್‌ಗಳಲ್ಲೇ ಮುಖ್ಯ ಷರತ್ತುಗಳೆಲ್ಲ ತೀರ್ಮಾನವಾಗಿದ್ದರೆ, ವಿಧ್ಯುಕ್ತ ಕರಡಿಗೆ ಆಮೇಲೆ ಸಹಿ ಬೀಳದಿದ್ದರೂ ಕರಾರು ಕರಾರೇ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟ್ರೈಮೆಕ್ಸ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ನಡುವೆ ಕರಾರು ಇದೆ. ಅದರ ಬಗ್ಗೆ ಅವರಿಗೂ ಸಂಶಯವಿಲ್ಲ, ಇದ್ದಿದ್ದರೆ ₹9 ಲಕ್ಷ ಕೇಳುತ್ತಿರಲಿಲ್ಲ.

ನಿಜವಾದ ಪ್ರಶ್ನೆ, ಯಾವ ಷರತ್ತುಗಳ ಮೇಲೆ ಕರಾರಾಯಿತು ಎಂಬುದು. ಇಲ್ಲಿ ತಾರೀಖು ಮಾತ್ರವಲ್ಲ, ಮೆಸೇಜಿನ ಒಂದೊಂದು ಪದವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಕೊಟೇಶನ್ ಪ್ರಸ್ತಾವ. ಸ್ವೀಕೃತಿ ಪೂರ್ಣವಾಗಿರಬೇಕು, ಶರತ್ತುರಹಿತವಾಗಿರಬೇಕು ಎನ್ನುತ್ತದೆ ಕರಾರು ಕಾಯ್ದೆಯ ಸೆಕ್ಷನ್ 7. ಜೂನ್ 3ರ ‘ಓಕೆ, ಕೆಲಸ ಶುರು ಮಾಡಿ’ ಆ ಅಳತೆಗೆ ಸರಿಹೊಂದುತ್ತದೆ. ಆ ಕ್ಷಣಕ್ಕೆ, ನಿಮ್ಮ ಕೊಟೇಶನ್ನಿನ ಷರತ್ತುಗಳ ಮೇಲೆ, ಕರಾರು ಕೂಡಿತು. ಅದರ ಬದಲು ‘ಓಕೆ, ಆದರೆ 25 ದಿನದಲ್ಲಿ ಕೊಡಿ’ ಎಂದೋ ‘ಓಕೆ, ಪಿ.ಒ. ಕಳಿಸುತ್ತೇವೆ, ಅದರ ಪ್ರಕಾರ ಮಾಡಿ’ ಎಂದೋ ಇದ್ದಿದ್ದರೆ ಕಥೆ ಬೇರೆ. ಆಗ ಅದು ಸ್ವೀಕೃತಿ ಆಗುತ್ತಿರಲಿಲ್ಲ, ಅವರ ಕಡೆಯ ಪ್ರತಿ-ಪ್ರಸ್ತಾವ ಆಗುತ್ತಿತ್ತು. ನೀವು ಕೆಲಸ ಶುರು ಮಾಡಿದ್ದೇ ಅದಕ್ಕೆ ಒಪ್ಪಿಗೆ ಎನಿಸುತ್ತಿತ್ತು. ಆದ್ದರಿಂದ ಆ ಮೆಸೇಜನ್ನೂ ಅದರ ಹಿಂದು ಮುಂದಿನ ಐದಾರು ಮೆಸೇಜುಗಳನ್ನೂ ನಿಧಾನವಾಗಿ ಓದಿ. ಕೊಟೇಶನ್ನಿಗೆ ‘15 ದಿನ ಮಾತ್ರ ಊರ್ಜಿತ’ ಎಂಬಂಥ ಗಡುವು ಇತ್ತೇ, ಅದು ಮುಗಿದ ಮೇಲೆ ಓಕೆ ಬಂತೇ ಎಂದೂ ನೋಡಿ. ಗಡುವು ಮೀರಿದ್ದರೆ ಪ್ರಸ್ತಾವ ಅಷ್ಟರಲ್ಲಿ ಬಿದ್ದುಹೋಗಿರುತ್ತದೆ.

ಜೂನ್ 6ರ ಪರ್ಚೇಸ್ ಆರ್ಡರ್ ಈ ಲೆಕ್ಕದಲ್ಲಿ, ಆಗಿಹೋದ ಕರಾರನ್ನು ಬದಲಿಸಲು ಅವರು ಮಾಡಿದ ಪ್ರಸ್ತಾವ ಮಾತ್ರ. ಬದಲಾವಣೆಗೆ ಇಬ್ಬರ ಒಪ್ಪಿಗೆಯೂ ಬೇಕು. ಸುಮ್ಮನಿದ್ದದ್ದೇ ಒಪ್ಪಿಗೆ ಆಗುವುದಿಲ್ಲ. ಆದರೆ ನೀವು ಆ ಪಿ.ಒ.ದ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂದು ಸೀಲು ಹಾಕಿ ವಾಪಸು ಕಳಿಸಿದ್ದರೆ, ಅಥವಾ ‘ನಿಮ್ಮ ಪಿ.ಒ. ಷರತ್ತುಗಳಂತೆ’ ಎಂದು ಇಮೇಲ್ ಮಾಡಿದ್ದರೆ, ಅದು ಒಪ್ಪಿಗೆ. ಓದಿರಲಿಲ್ಲ ಎಂಬುದು ಆಗ ಸಮರ್ಥನೆಯಲ್ಲ. ಇನ್‌ವಾಯ್ಸ್ ಮೇಲೆ ಪಿ.ಒ. ನಂಬರ್ ಬರೆದದ್ದು ಇವೆರಡರ ನಡುವೆ ಬರುತ್ತದೆ: ಬಿಲ್ ಯಾವ ಆರ್ಡರಿನದು ಎಂದು ಗುರುತಿಸಲು ಹಾಕಿದ್ದೇವೆ ಎಂದು ನೀವು ವಾದಿಸಬಹುದು, ಷರತ್ತು ಒಪ್ಪಿದ್ದಕ್ಕೆ ಸಾಕ್ಷಿ ಎಂದು ಅವರು ವಾದಿಸಬಹುದು.

ಈಗ ತಡದ ವಿಷಯ. ಹನ್ನೆರಡು ದಿನ ತಡವಾದದ್ದು ನಿಜ. ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ. ಓದಬೇಕಾದದ್ದು ಸೆಕ್ಷನ್ 55. ಡೆಲಿವರಿಯ ದಿನಾಂಕವೇ ಕರಾರಿನ ತಿರುಳು ಎಂದು ಇಬ್ಬರೂ ಭಾವಿಸಿದ್ದರೆ, ತಡವಾದಾಗ ಖರೀದಿದಾರ ಕರಾರನ್ನೇ ರದ್ದು ಮಾಡಬಹುದಿತ್ತು. ರದ್ದು ಮಾಡದೆ ತಡವಾದ ಮಾಲನ್ನು ಸ್ವೀಕರಿಸಿದರೆ, ಸ್ವೀಕರಿಸುವ ಹೊತ್ತಿನಲ್ಲೇ ‘ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡಿದ್ದೇವೆ’ ಎಂದು ನೋಟಿಸ್ ಕೊಟ್ಟಿರಬೇಕು. ಕೊಡದಿದ್ದರೆ ಆ ತಡಕ್ಕೆ ಪರಿಹಾರ ಕೇಳುವಂತಿಲ್ಲ. ಜುಲೈ 15ರ ಡೆಲಿವರಿ ಚಲನ್‌ನ ನಿಮ್ಮ ಪ್ರತಿಯನ್ನು ಈಗಲೇ ಹುಡುಕಿ ತೆಗೆಯಿರಿ. ಅವರ ಸ್ಟೋರ್ಸ್‌ನವರು ಸಹಿಯ ಪಕ್ಕ ಏನಾದರೂ ಗೀಚಿದ್ದಾರೆಯೇ? ಆ ವಾರದಲ್ಲಿ ‘ತಡವಾಗಿ ಬಂತು, ನಷ್ಟ ನಿಮ್ಮ ಲೆಕ್ಕಕ್ಕೆ’ ಎಂಬಂಥ ಇಮೇಲ್ ಬಂದಿದೆಯೇ? ಇಲ್ಲವಾದರೆ ಸೆಪ್ಟೆಂಬರ್ ಪತ್ರ ಎರಡು ತಿಂಗಳು ತಡವಾಗಿ ಬಂದ ನೋಟಿಸ್.

ಇದರಲ್ಲೊಂದು ಸೂಕ್ಷ್ಮವಿದೆ, ಅವರ ವಕೀಲರು ಅದನ್ನು ಬಿಡುವುದಿಲ್ಲ. ಸಮಯ ತಿರುಳಲ್ಲದ ಕರಾರಿನಲ್ಲಿ ಖರೀದಿದಾರನಿಗೆ ರದ್ದು ಮಾಡುವ ಹಕ್ಕಿಲ್ಲ, ಪರಿಹಾರ ಮಾತ್ರ ಇದೆ. ಅದಕ್ಕೆ ಮೇಲೆ ಹೇಳಿದ ನೋಟಿಸಿನ ಷರತ್ತನ್ನು ಸೆಕ್ಷನ್ ಹಾಕಿಲ್ಲ. ಆದ್ದರಿಂದ ‘ದಿನಾಂಕ ನಮಗೆ ತಿರುಳಾಗಿರಲಿಲ್ಲ’ ಎಂದು ಅವರೇ ಹೇಳಬಹುದು. ಹಾಗೆ ಹೇಳಿದರೆ, ಹನ್ನೆರಡು ದಿನದ ತಡದಿಂದ ಲೈನೇ ನಿಂತಿತು ಎಂಬ ₹9 ಲಕ್ಷದ ಕಥೆಗೆ ಅವರೇ ಪೆಟ್ಟು ಕೊಟ್ಟಂತೆ. ದಿನಾಂಕ ಅಷ್ಟು ಮುಖ್ಯವಲ್ಲದಿದ್ದರೆ ನಷ್ಟ ಅಷ್ಟು ದೊಡ್ಡದು ಹೇಗೆ? ಅವರ ನಿಲುವು ಯಾವುದೆಂದು ನಿಮ್ಮ ಉತ್ತರದಲ್ಲೇ ಸ್ಪಷ್ಟವಾಗಿ ಕೇಳಿ.

ಪರಿಹಾರ ಸಿಗುವುದೇ ಆದರೂ ಎಷ್ಟು? ಸೆಕ್ಷನ್ 73 ಎರಡು ಬಗೆಯ ನಷ್ಟಕ್ಕೆ ಮಾತ್ರ ದಾರಿ ಕೊಡುತ್ತದೆ. ಒಂದು, ಕರಾರು ಮುರಿದಾಗ ಸಾಮಾನ್ಯ ಕ್ರಮದಲ್ಲಿ ತಾನಾಗಿ ಆಗುವ ನಷ್ಟ. ಇನ್ನೊಂದು, ಇಂಥ ನಷ್ಟ ಆಗಬಹುದೆಂದು ಕರಾರು ಮಾಡುವಾಗಲೇ ಇಬ್ಬರಿಗೂ ತಿಳಿದಿದ್ದ ನಷ್ಟ. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ. ಇದರ ಬೇರು 1854ರ ಇಂಗ್ಲೆಂಡಿನ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ತೀರ್ಪಿನಲ್ಲಿದೆ. ಗಿರಣಿಯ ಕ್ರ್ಯಾಂಕ್‌ಶಾಫ್ಟ್ ಮುರಿದಿತ್ತು, ಸಾಗಣೆದಾರ ತಡ ಮಾಡಿದ, ಗಿರಣಿ ನಿಂತೇ ಇತ್ತು. ಬದಲಿ ಶಾಫ್ಟ್ ಇಲ್ಲ ಎಂಬ ವಿಶೇಷ ಸ್ಥಿತಿ ಸಾಗಣೆದಾರನಿಗೆ ಗೊತ್ತಿರಲಿಲ್ಲವಾದ್ದರಿಂದ ಕೈತಪ್ಪಿದ ಲಾಭದ ಹೊಣೆ ಅವನ ತಲೆಗೆ ಬರಲಿಲ್ಲ. ನಮ್ಮ ಕಾಯ್ದೆ ಸೆಕ್ಷನ್ 73ರ ಕೆಳಗೆ ಕೊಟ್ಟಿರುವ ಉದಾಹರಣೆಯೊಂದು ಇನ್ನೂ ಹತ್ತಿರದ್ದು: ಗಿರಣಿ ನಿಂತಿದೆ ಎಂದು ಮೊದಲೇ ಹೇಳಿ ಯಂತ್ರ ಒಪ್ಪಿಸಿದ್ದಾರೆ, ಸಾಗಣೆದಾರ ತಡ ಮಾಡಿದ್ದಾನೆ. ಆಗ ಗಿರಣಿ ಓಡಿದ್ದರೆ ಬರುತ್ತಿದ್ದ ಸರಾಸರಿ ಲಾಭ ಸಿಗುತ್ತದೆ. ಆದರೆ ಆ ತಡದಿಂದ ಕೈತಪ್ಪಿದ ಸರ್ಕಾರಿ ಗುತ್ತಿಗೆಯ ಲಾಭ ಸಿಗುವುದಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಜೂನ್ 3ರಂದು ಅಥವಾ ಅದಕ್ಕೂ ಮುಂಚೆ ‘ನಮ್ಮಲ್ಲಿ ಸ್ಟಾಕ್ ಇಲ್ಲ, ನಿಮ್ಮ ಮಾಲು ಬರದಿದ್ದರೆ ಲೈನ್ ನಿಲ್ಲುತ್ತದೆ’ ಎಂದು ಅವರು ನಿಮಗೆ ತಿಳಿಸಿದ್ದರೇ? ತಡವಾದ ಮೇಲೆ ಫೋನ್ ಮಾಡಿ ಗೋಳಾಡಿದ್ದರೂ ಅದು ಈ ಲೆಕ್ಕಕ್ಕೆ ಬರುವುದಿಲ್ಲ, ಕಾಯ್ದೆ ನೋಡುವುದು ಕರಾರು ಮಾಡಿದ ಹೊತ್ತಿನ ತಿಳಿವಳಿಕೆಯನ್ನು. ತಿಳಿಸಿದ್ದರು ಎಂದೇ ಇಟ್ಟುಕೊಂಡರೂ ಮೊತ್ತವನ್ನು ಅವರೇ ರುಜುವಾತು ಮಾಡಬೇಕು. ಆ ಹನ್ನೆರಡು ದಿನದ ಉತ್ಪಾದನಾ ದಾಖಲೆ, ಬಾಕಿಯಿದ್ದ ಆರ್ಡರುಗಳು, ಉಳಿತಾಯವಾದ ವಿದ್ಯುತ್ ಮತ್ತು ಕಚ್ಚಾ ಮಾಲಿನ ಖರ್ಚು, ಬೇರೆ ಭಾಗಗಳ ಕೊರತೆಯಿಂದಲೂ ಲೈನ್ ನಿಂತಿತ್ತೇ ಎಂಬ ವಿವರ, ಎಲ್ಲವನ್ನೂ ಕೇಳಿ. ಕಪ್ಲಿಂಗ್ ಪೇಟೆಯಲ್ಲಿ ಬೇರೆ ಕಡೆ ಸಿಗುವ ಮಾಲಾಗಿದ್ದರೆ ಒಂದಷ್ಟನ್ನು ಅಲ್ಲಿಂದ ತಂದು ಯಾಕೆ ಓಡಿಸಲಿಲ್ಲ ಎಂಬ ಪ್ರಶ್ನೆಗೂ ಅವರು ಉತ್ತರ ಕೊಡಬೇಕು. ನಷ್ಟ ತಗ್ಗಿಸಲು ಇದ್ದ ದಾರಿಗಳನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಸೆಕ್ಷನ್ 73ರ ವಿವರಣೆಯೇ ಹೇಳುತ್ತದೆ.

ಇನ್ನು, ನೀವು ಗಮನಿಸದೆ ಬಿಟ್ಟ ಆ ಶೇ 2ರ ಸಾಲು. ಅದನ್ನು ಶತ್ರುವೆಂದು ನೋಡುತ್ತಿದ್ದೀರಿ. ಲೆಕ್ಕ ಹಾಕಿದರೆ ಅದು ನಿಮಗೆ ರಕ್ಷಣೆ. ಕರಾರು ಮುರಿದರೆ ಇಷ್ಟು ಎಂದು ಮೊದಲೇ ಮೊತ್ತ ಬರೆದಿದ್ದರೆ, ಸೆಕ್ಷನ್ 74ರ ಪ್ರಕಾರ ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರ. ಬರೆದ ಮೊತ್ತವೇ ಮೇಲ್ಮಿತಿ. ₹4 ಲಕ್ಷಕ್ಕೆ ಶೇ 2 ಎಂದರೆ ವಾರಕ್ಕೆ ₹8,000. ಹನ್ನೆರಡು ದಿನದಲ್ಲಿ ಪೂರ್ಣ ವಾರ ಒಂದೇ, ಅರೆವಾರವನ್ನೂ ಸೇರಿಸಿದರೆ ಎರಡು. ಅಂದರೆ ₹8,000 ಇಲ್ಲವೇ ₹16,000. ಪಿ.ಒ. ಅನ್ವಯಿಸುತ್ತದೆ ಎಂದು ಅವರು ಹಟ ಹಿಡಿದರೆ, ತಡಕ್ಕಾಗಿ ₹9 ಲಕ್ಷ ಕೇಳುವ ದಾರಿಯನ್ನು ಅವರದೇ ಕಾಗದ ಮುಚ್ಚುತ್ತದೆ. ಆ ₹16,000 ಕೂಡ ತಾನಾಗಿ ಬರುವುದಿಲ್ಲ: ನಷ್ಟವೇ ಆಗದಿದ್ದರೆ ಸೆಕ್ಷನ್ 74ರಡಿ ಪರಿಹಾರವಿಲ್ಲ ಎಂದು 2015ರ ಕೈಲಾಶ್ ನಾಥ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದನ್ನು ಮಾತ್ರ ಪರೀಕ್ಷಿಸಿಕೊಳ್ಳಿ. ಆ ಸಾಲಿನ ಜೊತೆ ‘ಇತರ ಹಕ್ಕುಗಳಿಗೆ ಬಾಧಕವಿಲ್ಲದೆ’ ಅಥವಾ ‘ಇದಲ್ಲದೆ ವಾಸ್ತವ ನಷ್ಟವನ್ನೂ’ ಎಂಬ ಮಾತಿದ್ದರೆ ಅವರು ಅದನ್ನು ಹಿಡಿದು ವಾದಿಸುತ್ತಾರೆ. ನಿಮ್ಮ ಉತ್ತರದಲ್ಲಿ ಪರ್ಯಾಯ ನಿಲುವು ತೆಗೆದುಕೊಳ್ಳಲು ಅಡ್ಡಿಯಿಲ್ಲ: ಪಿ.ಒ. ಷರತ್ತು ನಮಗೆ ಅನ್ವಯಿಸುವುದಿಲ್ಲ. ಅನ್ವಯಿಸುತ್ತದೆ ಎಂದಾದರೂ ₹16,000ಕ್ಕಿಂತ ಹೆಚ್ಚಿಲ್ಲ.

ಬಿಲ್ಲಿನ ಹಣಕ್ಕೆ ನಿಮ್ಮ ಕೈಯಲ್ಲಿರುವ ಬಲವಾದ ಸಾಧನ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಮಾಲಿಗೆ ಒಪ್ಪಿದ ದಿನಾಂಕದೊಳಗೆ, ಹೇಗೂ 45 ದಿನ ಮೀರದಂತೆ, ಹಣ ಕೊಡಬೇಕು. ನಿಮ್ಮ ಕೊಟೇಶನ್ನಿನ 30 ದಿನ ಆಗಸ್ಟ್ 14ಕ್ಕೆ ಮುಗಿಯಿತು. ಮಾಲಿನ ಬಗ್ಗೆ ತಕರಾರಿದ್ದರೆ ಡೆಲಿವರಿಯಾದ 15 ದಿನದೊಳಗೆ ಲಿಖಿತವಾಗಿ ಹೇಳಬೇಕು. ಹೇಳದಿದ್ದರೆ ಡೆಲಿವರಿಯ ದಿನವೇ ಸ್ವೀಕರಿಸಿದಂತೆ. ಆ ಗಡುವು ಜುಲೈ 30ಕ್ಕೇ ತೀರಿತು. ಹಣ ಕೊಡುವ ಗಡುವು ದಾಟಿದ ಮೇಲೆ ಬಡ್ಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಇದ್ದರೆ ವರ್ಷಕ್ಕೆ ಶೇ 18ರಂತೆ ಚಕ್ರಬಡ್ಡಿ ಓಡುತ್ತದೆ. ಸೆಕ್ಷನ್ 18ರಡಿ, ಸಣ್ಣ ಉದ್ಯಮಗಳ ಬಾಕಿ ತಕರಾರು ಕೇಳುವ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಿದರೆ ಮೊದಲು ರಾಜಿ ಯತ್ನ, ಆಗದಿದ್ದರೆ ಮಧ್ಯಸ್ಥಿಕೆ (ಆರ್ಬಿಟ್ರೇಶನ್) ತೀರ್ಪು. ಖರೀದಿದಾರ ಆ ತೀರ್ಪನ್ನು ಪ್ರಶ್ನಿಸಬೇಕಾದರೆ ಮೊತ್ತದ ಶೇ 75ನ್ನು ಮೊದಲು ಠೇವಣಿ ಇಡಬೇಕು. ಅನೇಕ ಅರ್ಜಿಗಳು ಎಡವುವುದು ಒಂದೇ ಕಡೆ: ಉದ್ಯಮ್ ನೋಂದಣಿಯ ದಿನಾಂಕ ಕರಾರಿಗಿಂತ ಹಿಂದಿನದೇ ಎಂಬ ಬಗ್ಗೆ. ನಿಮ್ಮ ಪ್ರಮಾಣಪತ್ರದಲ್ಲಿ ಜೂನ್ 3ಕ್ಕಿಂತ ಮುಂಚಿನ ದಿನಾಂಕವಿದೆಯೇ ನೋಡಿಕೊಳ್ಳಿ.

ಅವರು ತಮ್ಮ ₹9 ಲಕ್ಷವನ್ನು ನಿಮ್ಮ ₹4 ಲಕ್ಷದ ಎದುರು ವಜಾ ಹಾಕಿಕೊಂಡಿದ್ದೇವೆ ಎಂದು ಬರೆದಿದ್ದರೆ ಅದನ್ನು ಲಿಖಿತವಾಗಿ ಅಲ್ಲಗಳೆಯಿರಿ. ನಿಮ್ಮದು ಗೊತ್ತಾದ ಬಾಕಿ. ಅವರದು, ನ್ಯಾಯಾಲಯವೋ ಮಧ್ಯಸ್ಥಗಾರರೋ ನಿರ್ಧರಿಸುವ ತನಕ, ಬರಿಯ ಕೇಳಿಕೆ.

ಈಗ ಆಪರೇಟರ್‌ನ ಗಾಯಕ್ಕೆ ಬರೋಣ. ಎರಡರಲ್ಲಿ ಹೆಚ್ಚು ಗಂಭೀರವಾದದ್ದು ಇದೇ, ಮನುಷ್ಯನ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ.

ಆ ಆಪರೇಟರ್ ಜೊತೆ ನಮಗೆ ಯಾವ ವ್ಯವಹಾರವೂ ಇಲ್ಲ ಎಂಬುದು ಇಲ್ಲಿ ಉತ್ತರವಲ್ಲ. ಕರಾರಿನಲ್ಲಿ ಹೊರಗಿನವರು ದಾವೆ ಹೂಡಲಾಗದು, ನಿಜ. ಆದರೆ 1932ರ ಡೊನೊಹ್ಯೂ ವಿರುದ್ಧ ಸ್ಟೀವನ್‌ಸನ್ ತೀರ್ಪಿನಿಂದೀಚೆಗೆ, ತಯಾರಕನ ಎಚ್ಚರಿಕೆಯ ಹೊಣೆ ಅವನ ವಸ್ತುವನ್ನು ಕಟ್ಟಕಡೆಗೆ ಬಳಸುವವರವರೆಗೂ ಹೋಗುತ್ತದೆ. ಭಾರತದ ನ್ಯಾಯಾಲಯಗಳೂ ಈ ತತ್ವವನ್ನೇ ಅನುಸರಿಸುತ್ತವೆ. ಆಪರೇಟರ್ ನಾಲ್ಕು ಸಂಗತಿ ತೋರಿಸಬೇಕು: ನಿಮಗೆ ಎಚ್ಚರಿಕೆಯ ಕರ್ತವ್ಯವಿತ್ತು, ಅದನ್ನು ಮೀರಿದಿರಿ, ಮೀರಿದ್ದರಿಂದಲೇ ಕಪ್ಲಿಂಗ್ ಮುರಿಯಿತು, ಮುರಿದದ್ದರಿಂದ ಇಂಥ ಹಾನಿಯಾಯಿತು. ಮೊದಲನೆಯದೂ ಕೊನೆಯದೂ ಸುಲಭ. ಜಗಳವೆಲ್ಲ ಎರಡನೆಯ ಮತ್ತು ಮೂರನೆಯ ಅಂಶದ ಮೇಲೆ, ಅದು ತೀರ್ಮಾನವಾಗುವುದು ಮುರಿದ ಲೋಹದ ಮೇಲೆ.

ಕಪ್ಲಿಂಗ್ ಮುರಿಯಲು ಕಾರಣಗಳು ಹಲವು. ತಪ್ಪು ಗ್ರೇಡಿನ ಉಕ್ಕು, ಹೀಟ್ ಟ್ರೀಟ್‌ಮೆಂಟ್ ಸರಿಯಾಗದೆ ಗಡಸುತನ ಹೆಚ್ಚಿ ಪೆಡಸಾದದ್ದು, ಕೀವೇ (ಶಾಫ್ಟಿನ ಕೀಲಿ ಕೂರುವ ಗಾಡಿ) ಮೂಲೆಯಲ್ಲಿ ಡ್ರಾಯಿಂಗ್ ಕೇಳಿದ ತ್ರಿಜ್ಯ ಕೊಡದೆ ಚೂಪಾಗಿ ಬಿಟ್ಟದ್ದು, ಇವು ನಿಮ್ಮ ಕಡೆಯ ದೋಷಗಳು. ಆ ತ್ರಿಜ್ಯವನ್ನು ಡ್ರಾಯಿಂಗೇ ಕೇಳಿರಲಿಲ್ಲವೆಂದರೆ ಅದು ವಿನ್ಯಾಸದ ದೋಷ, ಡ್ರಾಯಿಂಗ್ ಕೊಟ್ಟವರದು. ಮೋಟಾರು ಮತ್ತು ಪಂಪಿನ ಅಲೈನ್‌ಮೆಂಟ್ ತಪ್ಪಿದ್ದರೆ ಅಥವಾ ಮಿತಿ ಮೀರಿ ಲೋಡ್ ಹಾಕಿದ್ದರೆ ಅದು ಅಳವಡಿಸಿದವರ, ನಡೆಸಿದವರ ಪಾಲು. ತಿರುಗುವ ಭಾಗಕ್ಕೆ ಗಾರ್ಡ್ ಇಲ್ಲದೆ ಓಡಿಸಿದ್ದರೆ ಕೈಗೆ ಪೆಟ್ಟಾದದ್ದಕ್ಕೆ ಆ ಸ್ಥಾವರದ ಮಾಲೀಕರೂ ಉತ್ತರಿಸಬೇಕು. ಮುರಿದ ಮೇಲ್ಮೈಯಲ್ಲಿ ದಡದ ಅಲೆಗಳಂತೆ ಸಾಲುಸಾಲು ಗೆರೆಗಳಿದ್ದರೆ ಬಿರುಕು ದಿನಗಟ್ಟಲೆ ಬೆಳೆಯುತ್ತ ಬಂದು ಲೋಹ ದಣಿದು ಮುರಿದಿದೆ ಎಂಬುದರ ಸೂಚನೆ. ಅವಿಲ್ಲದೆ ಒಮ್ಮೆಗೇ ಮುರಿದಿದ್ದರೆ ಹಠಾತ್ ಹೊರೆಯನ್ನೋ ಪೆಡಸುತನವನ್ನೋ ಶಂಕಿಸಬೇಕು.

ಈ ಕಾರಣಕ್ಕೆ ನಿಮ್ಮ ಮೊದಲ ಪತ್ರ ಒಂದೇ ಬೇಡಿಕೆಯದಾಗಿರಲಿ: ಮುರಿದ ತುಂಡುಗಳನ್ನು ಹಾಗೆಯೇ ಇಡಿ. ತೊಳೆಯಬಾರದು, ಉಜ್ಜಬಾರದು, ಎರಡು ತುಂಡುಗಳನ್ನು ಕೂಡಿಸಿ ನೋಡಬಾರದು. ಕೂಡಿಸಿದರೆ ಮೇಲ್ಮೈಯ ಗುರುತುಗಳು ಉಜ್ಜಿಹೋಗುತ್ತವೆ. ಎಲ್ಲರ ಪ್ರತಿನಿಧಿಗಳ ಎದುರು ಫೋಟೊ ತೆಗೆದು ಸೀಲ್ ಮಾಡಿ, ಎಲ್ಲರೂ ಒಪ್ಪುವ ಸ್ವತಂತ್ರ ಪ್ರಯೋಗಾಲಯಕ್ಕೆ ಕಳಿಸಬೇಕು. ನಿಮ್ಮ ಕಡೆ ಆ ಬ್ಯಾಚಿನ ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್, ಹೀಟ್ ನಂಬರ್ (ಉಕ್ಕು ಯಾವ ಎರಕದ್ದೆಂದು ತಿಳಿಸುವ ಸಂಖ್ಯೆ), ಗಡಸುತನದ ರೀಡಿಂಗ್‌ಗಳು, ತಪಾಸಣಾ ವರದಿ, ಯಾವ ರಿವಿಷನ್ನಿನ ಡ್ರಾಯಿಂಗ್ ಬಳಸಿದಿರಿ ಎಂಬುದು, ಎಲ್ಲವನ್ನೂ ಒಂದೆಡೆ ಕೂಡಿಹಾಕಿ. ಇಲ್ಲದ ದಾಖಲೆಯನ್ನು ಈಗ ಕೂತು ಸೃಷ್ಟಿಸಬೇಡಿ. ತಪಾಸಣೆ ಮಾಡಿಲ್ಲ ಎಂಬ ಕೊರತೆಯನ್ನು ಎದುರಿಸಬಹುದು, ಹಿಂದಿನ ತಾರೀಖು ಹಾಕಿದ ದಾಖಲೆ ಸಿಕ್ಕಿಬಿದ್ದರೆ ಇಡೀ ಪ್ರಕರಣವೇ ಕುಸಿಯುತ್ತದೆ.

ಅದೇ ಹೀಟ್ ನಂಬರಿನ ಉಳಿದ ಕಪ್ಲಿಂಗ್‌ಗಳು ಎಲ್ಲೆಲ್ಲೋ ತಿರುಗುತ್ತಿವೆ. ನಿಮ್ಮ ದಾಖಲೆಯಲ್ಲಿ ಸ್ವಲ್ಪ ಅನುಮಾನ ಕಂಡರೂ ಅವುಗಳನ್ನು ನಿಲ್ಲಿಸಿ ಪರೀಕ್ಷಿಸುವಂತೆ ಕಂಪನಿಗೆ ಇವತ್ತೇ ಲಿಖಿತ ಎಚ್ಚರಿಕೆ ಕೊಡಿ. ಹಾಗೆ ಕೊಟ್ಟರೆ ತಪ್ಪೊಪ್ಪಿಕೊಂಡಂತಾಗುತ್ತದೆ ಎಂದು ಹೆದರಿ ಸುಮ್ಮನಾಗುವವರಿದ್ದಾರೆ. ಅಪಾಯ ಗೊತ್ತಿದ್ದೂ ಸುಮ್ಮನಿದ್ದು ಎರಡನೆಯವರಿಗೆ ಗಾಯವಾದರೆ ಅದು ಹೊಸ ನಿರ್ಲಕ್ಷ್ಯ, ಮೊದಲಿನದಕ್ಕಿಂತ ಸಮರ್ಥಿಸಲು ಕಷ್ಟವಾದದ್ದು. ‘ತನಿಖೆ ಮುಗಿಯುವ ತನಕ ಮುನ್ನೆಚ್ಚರಿಕೆಯಾಗಿ’ ಎಂದು ಬರೆದರೆ ಸಾಕು.

ಹಲವರ ನಿರ್ಲಕ್ಷ್ಯ ಸೇರಿ ಗಾಯವಾಗಿದ್ದರೆ, ಗಾಯಾಳು ಅವರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ವಸೂಲು ಮಾಡಬಹುದು. ಪಾಲು ಹಂಚಿಕೊಳ್ಳುವುದು ಹೊಣೆಗಾರರ ನಡುವಿನ ವಿಷಯ. ಅವನದೇ ತಪ್ಪೂ ಇದ್ದರೆ ಅಷ್ಟು ಪ್ರಮಾಣ ಕಡಿತವಾಗುತ್ತದೆ. ಕೊಟೇಶನ್ನಿನಲ್ಲಿ ‘ಹೊಣೆ ಬಿಲ್ ಮೊತ್ತಕ್ಕೆ ಸೀಮಿತ’ ಎಂದು ಬರೆದಿದ್ದರೂ ಅದು ಕಟ್ಟಿಹಾಕುವುದು ಪಂಪ್ ಕಂಪನಿಯನ್ನು, ಆಪರೇಟರನ್ನಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದೆ. ಆದರೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಸಾಮಾನ್ಯವಾಗಿ ಅದರಡಿ ಗ್ರಾಹಕರಲ್ಲ. ಹಾಗಾಗಿ ಕಾರ್ಖಾನೆಯೊಳಗಿನ ಇಂಥ ಗಾಯದಲ್ಲಿ ನಿಮ್ಮ ವಿರುದ್ಧದ ಹಾದಿ ಹೆಚ್ಚಾಗಿ ಸಿವಿಲ್ ದಾವೆಯೇ. ಆಪರೇಟರನಿಗೆ ಅವನ ಮಾಲೀಕರಿಂದ ಕಾರ್ಮಿಕ ಪರಿಹಾರ ಪ್ರತ್ಯೇಕವಾಗಿ ಸಿಗುತ್ತದೆ.

ಪಂಪ್ ಕಂಪನಿ ತಾನು ಕೊಟ್ಟ ಪರಿಹಾರವನ್ನು ನಿಮ್ಮಿಂದ ವಸೂಲು ಮಾಡಲು ಬಂದರೆ ಅದು ಮತ್ತೆ ಕರಾರಿನ ಕಡೆಗೆ ತಿರುಗುತ್ತದೆ. ಸರಕು ಮಾರಾಟ ಕಾಯ್ದೆ, 1930ರ ಸೆಕ್ಷನ್ 16ರಂತೆ, ಖರೀದಿದಾರ ಉದ್ದೇಶ ತಿಳಿಸಿ ನಿಮ್ಮ ಕೌಶಲವನ್ನು ನೆಚ್ಚಿಕೊಂಡಿದ್ದರೆ ಮಾಲು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು. ಅವರದೇ ಡ್ರಾಯಿಂಗಿಗೆ ಮಾಡಿಕೊಟ್ಟಿದ್ದರೆ ವಿನ್ಯಾಸದ ಮಟ್ಟಿಗೆ ನಿಮ್ಮನ್ನು ನೆಚ್ಚಿಕೊಂಡಿದ್ದೆವು ಎನ್ನುವುದು ಕಷ್ಟ. ಲೋಹ ಮತ್ತು ಕೆಲಸಗಾರಿಕೆಯ ಹೊಣೆ ಮಾತ್ರ ನಿಮ್ಮದೇ. ಪಿ.ಒ.ದಲ್ಲಿ ನಷ್ಟಭರ್ತಿಯ ಷರತ್ತಿದೆಯೇ ಎಂದೂ ಓದಿ. ಉತ್ಪನ್ನ ಹೊಣೆಗಾರಿಕೆಯ ವಿಮೆ ಇದ್ದರೆ ವಿಮಾ ಕಂಪನಿಗೆ ತಕ್ಷಣ ತಿಳಿಸಿ. ಅವರನ್ನು ಕೇಳದೆ ಹೊಣೆ ಒಪ್ಪಿಕೊಂಡರೆ ಕ್ಲೇಮಿಗೆ ತೊಡಕಾಗುತ್ತದೆ. ಗಾಯಾಳುವಿನ ಆರೋಗ್ಯ ವಿಚಾರಿಸಲು, ನೋಡಿ ಬರಲು ಇದ್ಯಾವುದೂ ಅಡ್ಡಿಯಲ್ಲ, ಖಂಡಿತ ಹೋಗಿ. ಕಾರಣದ ಬಗ್ಗೆ ಮಾತ್ರ ವರದಿ ಬರುವ ತನಕ ಬಾಯಲ್ಲೂ ಬರಹದಲ್ಲೂ ಏನೂ ಹೇಳಬೇಡಿ.

ಈ ವಾರ ಮಾಡಬೇಕಾದದ್ದು ಇನ್ನೂ ಸ್ವಲ್ಪ ಇದೆ. ಆ ವಾಟ್ಸ್ಆ್ಯಪ್ ಇರುವ ಫೋನನ್ನು ರಿಸೆಟ್ ಮಾಡಬೇಡಿ, ಮಾರಬೇಡಿ. ಚಾಟನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಮೂಲವನ್ನೂ ಉಳಿಸಿಕೊಳ್ಳಿ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ನೀವು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ನಮೂದಿಸಬೇಕು. ಬಿಲ್ಲಿನ ದಾವೆಗೆ ಕಾಲಮಿತಿ ಸಾಲದ ಅವಧಿ ಮುಗಿದ ದಿನದಿಂದ, ಅಂದರೆ ಆಗಸ್ಟ್ 14ರಿಂದ, ಮೂರು ವರ್ಷ. ಮೊತ್ತ ₹3 ಲಕ್ಷಕ್ಕಿಂತ ಹೆಚ್ಚಿರುವುದರಿಂದ ದಾವೆ ಹೂಡುವುದಾದರೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ ಮೊದಲು ರಾಜಿ ಸಂಧಾನಕ್ಕೆ (ಮೀಡಿಯೇಶನ್) ಅರ್ಜಿ ಹಾಕುವುದು ಕಡ್ಡಾಯ, ಅದನ್ನು ಬಿಟ್ಟು ನೇರ ಹೋದ ದಾವೆಯನ್ನು ತಿರಸ್ಕರಿಸುತ್ತಾರೆ. ನಿಮ್ಮಂಥವರಿಗೆ ಸೌಲಭ್ಯ ಮಂಡಳಿಯ ದಾರಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಗಾಯದ ವಿಷಯಕ್ಕೆ ಮಾತ್ರ ಆರಂಭದಿಂದಲೇ ವಕೀಲರನ್ನು ಇಟ್ಟುಕೊಳ್ಳಿ.

ಮುಂದಿನ ಕೊಟೇಶನ್‌ಗಳಲ್ಲಿ ನಾಲ್ಕೈದು ಸಾಲು ಸೇರಿಸಿ: ಇದರ ಷರತ್ತುಗಳೇ ಅನ್ವಯ, ಬದಲಾವಣೆಗೆ ನಮ್ಮ ಲಿಖಿತ ಒಪ್ಪಿಗೆ ಬೇಕು, ಡೆಲಿವರಿಯ ದಿನ ಎಣಿಸುವುದು ಡ್ರಾಯಿಂಗ್ ಅಂತಿಮವಾಗಿ ಅಡ್ವಾನ್ಸ್ ಬಂದ ದಿನದಿಂದ, ತಡಕ್ಕೆ ಪರಿಹಾರ ವಾರಕ್ಕೆ ಇಷ್ಟು, ಒಟ್ಟು ಇಷ್ಟನ್ನು ಮೀರದು, ಅದೇ ಏಕೈಕ ಪರಿಹಾರ, ಉತ್ಪಾದನೆ ನಿಂತ ನಷ್ಟಕ್ಕೆ, ಕೈತಪ್ಪಿದ ಲಾಭಕ್ಕೆ ನಾವು ಹೊಣೆಯಲ್ಲ, ಅಳವಡಿಸುವಾಗ ಅಲೈನ್‌ಮೆಂಟ್ ಮಿತಿ, ಗರಿಷ್ಠ ಲೋಡ್ ಮತ್ತು ಗಾರ್ಡ್ ಕಡ್ಡಾಯ ಎಂಬ ಸೂಚನೆಯ ಹಾಳೆ ಪ್ರತಿ ಪೆಟ್ಟಿಗೆಯಲ್ಲಿದೆ. ಆ ಹಾಳೆಯನ್ನು ನಿಜವಾಗಿಯೂ ಹಾಕಿ, ಹಾಕಿದ್ದನ್ನು ಚಲನ್‌ನಲ್ಲಿ ನಮೂದಿಸಿ.

ಕೊನೆಯದಾಗಿ ಒಂದು ಎಚ್ಚರಿಕೆ. ಇಂಥ ಪತ್ರ ವ್ಯವಹಾರ ಶುರುವಾದ ಮೇಲೆ ಕಂಪನಿಗಳು ಒಂದಷ್ಟು ಹಣ ಹಾಕಿ ‘ಎಲ್ಲ ಬಾಬ್ತಿಗೂ ಪೂರ್ಣ ಮತ್ತು ಅಂತಿಮ’ ಎಂದು ಬರೆಯುವುದುಂಟು. ಕರಾರು ಕಾಯ್ದೆಯ ಸೆಕ್ಷನ್ 63ರಂತೆ ಕಡಿಮೆ ಹಣವನ್ನೇ ತೀರುವಳಿಯಾಗಿ ಒಪ್ಪಿಕೊಂಡರೆ ಉಳಿದದ್ದನ್ನು ಮತ್ತೆ ಕೇಳಲಾಗದು. ₹2.5 ಲಕ್ಷ ಖಾತೆಗೆ ಬಿದ್ದರೆ, ಅದೇ ದಿನ ‘ಇನ್‌ವಾಯ್ಸಿನ ಭಾಗಶಃ ಪಾವತಿಯಾಗಿ ಮಾತ್ರ ಸ್ವೀಕರಿಸಿದ್ದೇವೆ, ಬಾಕಿ ₹1.5 ಲಕ್ಷ ಮತ್ತು ಬಡ್ಡಿ ಬರಬೇಕು’ ಎಂದು ಇಮೇಲ್ ಕಳಿಸಿ.